ಲಕ್ಷ್ಯವೋ, ಲಕ್ಷಣವೋ?

ಬೇಸಗೆಯ ರಜ ಮುಗಿದು ಕಾಲೇಜಿನ ಬಾಗಿಲು ತೆರೆದ ಮೊದಲ ವಾರದಲ್ಲಿ ಅಧ್ಯಾಪಕನನ್ನು ಹುಡುಕಿಕೊಂಡು ಬರುವವರ ಕೈಯಲ್ಲಿ ಒಂದು ಅರ್ಜಿಯಿರುತ್ತದೆ, ಮುಖದಲ್ಲಿ ಒಂದು ಪ್ರಶ್ನೆಯಿರುತ್ತದೆ. ಈಚೆಗೆ ಒಂದು ವರ್ಷ ಹಾಗೆ ಬಂದವಳು ಸಂಗೀತ ಪದವಿಯ ಕೊನೆಯ ವರ್ಷಕ್ಕೆ ಕಾಲಿಟ್ಟಿದ್ದ ಒಬ್ಬ ವಿದ್ಯಾರ್ಥಿನಿ. ಕಡ್ಡಾಯದ ಪತ್ರಿಕೆಗಳ ಜೊತೆಗೆ ಐಚ್ಛಿಕವಾಗಿ ಒಂದನ್ನು ಅವಳು ಆರಿಸಿಕೊಳ್ಳಬೇಕಾಗಿತ್ತು: ರಾಗ–ತಾನ–ಪಲ್ಲವಿಯ ವಿಶೇಷ ಸಾಧನೆ, ಸಂಗೀತದ ಲಕ್ಷಣಗ್ರಂಥಗಳ ಅಧ್ಯಯನ, ಇಲ್ಲವೆ ಹರಿದಾಸ ಸಾಹಿತ್ಯ. "ಯಾವುದನ್ನು ಬರೆಯಲಿ?" ಎಂದು ಅವಳು ಕೇಳಿದಾಗ ನನಗೆ ಸಂಕೋಚವಾಯಿತು. ಮೂರನೆಯದನ್ನು ಪಾಠ ಹೇಳುವವನು ನಾನು. ಹತ್ತು ಮಂದಿ ಸೇರದ ಐಚ್ಛಿಕ ಪತ್ರಿಕೆ ನಮ್ಮಲ್ಲಿ ನಡೆಯುವುದಿಲ್ಲ. ಅಂದು ನನ್ನ ಪಟ್ಟಿಯಲ್ಲಿದ್ದುದು ಒಂಬತ್ತು ಹೆಸರು.

ಅವಳಿಗೆ ಸಲಹೆಗಳ ಕೊರತೆಯೇನೂ ಇರಲಿಲ್ಲ. ಲಕ್ಷಣದಲ್ಲಿ ಅಂಕಗಳು ಖಚಿತ, ಮುಂದೆ ಎಂ.ಎ.ಗೂ ಅಧ್ಯಾಪಕ ವೃತ್ತಿಗೂ ಅನುಕೂಲ ಎಂದು ತಂದೆ ಹೇಳಿದ್ದರು. ಪಲ್ಲವಿ ಹಾಡದವರನ್ನು ವಿದ್ವಾಂಸರೆನ್ನುವುದು ಹೇಗೆ ಎಂದು ಪಾಠ ಹೇಳುವ ಗುರುಗಳು ಕೇಳಿದ್ದರು. ನಾಲ್ಕು ದೇವರನಾಮ ಸ್ಪಷ್ಟವಾಗಿ ಬಂದರೆ ಸಾಕು ಎಂಬುದು ಅಜ್ಜಿಯ ಮಾತು. ಮೂವರು ಹೇಳಿದುದರಲ್ಲಿಯೂ ಸತ್ಯವಿತ್ತು, ಕಷ್ಟವಿದ್ದುದು ಅಲ್ಲಿಯೇ.

ಪಲ್ಲವಿಯೆಂದರೆ ಒಂದೇ ಸಾಲಿನ ಸಾಹಿತ್ಯ. ಮೊದಲು ರಾಗವನ್ನು ವಿಸ್ತರಿಸಿ, ತಾನ ಹಾಡಿ, ಅನಂತರ ಆ ಒಂದು ಸಾಲನ್ನು ಕೈಯಲ್ಲಿ ತಾಳ ಹಿಡಿದುಕೊಂಡು ಮೂರು ಕಾಲಗಳಲ್ಲಿ ತೋರಿಸಬೇಕು, ನೆರವಲು ಮಾಡಬೇಕು, ಸ್ವರ ಹಾಕಬೇಕು. ಎಡುಪು ತಪ್ಪಿದರೆ ಮರೆಮಾಡಲು ಸ್ಥಳವಿಲ್ಲ. ಲಕ್ಷಣದ ದಾರಿಯೂ ಕಿರಿದಲ್ಲ: 13ನೆಯ ಶತಮಾನದ ಶಾರ್ಙ್ಗದೇವನ 'ಸಂಗೀತ ರತ್ನಾಕರ', 1550ರ ರಾಮಾಮಾತ್ಯನ 'ಸ್ವರಮೇಳ ಕಲಾನಿಧಿ', 17ನೆಯ ಶತಮಾನದಲ್ಲಿ 72 ಮೇಳಗಳನ್ನು ಲೆಕ್ಕಹಾಕಿ ತೋರಿಸಿದ ವೆಂಕಟಮಖಿಯ 'ಚತುರ್ದಂಡಿ ಪ್ರಕಾಶಿಕೆ'. ಬಳಿಕ ಬಂದವರು ಮೇಳಗಳ ಹೆಸರಿನಲ್ಲಿಯೇ ಸಂಖ್ಯೆಯನ್ನು ಅಡಗಿಸಿದರು. ಮಾಯಾಮಾಳವಗೌಳದ ಮೊದಲ ಎರಡಕ್ಷರಗಳನ್ನು ಕಟಪಯಾದಿ ಸೂತ್ರದಂತೆ ಎಣಿಸಿದರೆ 5 ಮತ್ತು 1. ತಿರುಗಿಸಿ ಓದಿದರೆ 15. ಅದೇ ಆ ಮೇಳದ ಸಂಖ್ಯೆ. ಇನ್ನು ದಾಸಸಾಹಿತ್ಯ. ಸರಳೆ ವರಸೆಯಿಂದ ಮೊದಲಾಗುವ ಪಾಠಕ್ರಮವನ್ನು ಸಂಪ್ರದಾಯವು ಪುರಂದರದಾಸರಿಗೆ ಸಲ್ಲಿಸುತ್ತದೆ. ಆದರೆ ಅವರು ಹಾಡಿದ ಧಾಟಿಗಳು ನಮಗೆ ಉಳಿದಿಲ್ಲ; ಇಂದು ಕೇಳುವ ಮಟ್ಟುಗಳಲ್ಲಿ ಬಹುಪಾಲು ಈಚಿನವರು ಹಾಕಿದವು. ಉಳಿದಿರುವುದು ಮಾತು. ಆ ಮಾತನ್ನೂ ತಾಳಕ್ಕಾಗಿ ನಡುವೆ ಮುರಿದು ಅರ್ಥಗೆಡಿಸುವವರು ಉಂಟು.

ಒಂದನ್ನು ಹಿಡಿಯುವುದೆಂದರೆ ಇನ್ನೊಂದನ್ನು ಬಿಡುವುದು. ಮಲ್ಲಿಕಾರ್ಜುನ ಮನಸೂರರು ಮೊದಲು ಕಲಿತುದು ಕರ್ಣಾಟಕ ಸಂಗೀತವನ್ನು. ಆಮೇಲೆ ಮೀರಜಿನಲ್ಲಿ ನೀಲಕಂಠಬುವಾ ಅವರ ಶಿಷ್ಯರಾಗಿ ಹಿಂದೂಸ್ತಾನಿಗೆ ಹೊರಳಿದರು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರು ಕರ್ಣಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದ ಮೇಲೆ, ತಮ್ಮ ಧಾಟಿ ಅವಳ ಕಂಠಕ್ಕೆ ಅಂಟದಿರಲೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ಆರಿಸಿಕೊಂಡವಳು ಮಗಳು, ಬಿಟ್ಟುಕೊಟ್ಟವರು ತಾಯಿ.

ನಾನು ಮಾಡಿದ ಆಯ್ಕೆ ಅಷ್ಟು ದೊಡ್ಡದಲ್ಲ. ಅದರ ನೋವು ಮಾತ್ರ ಇನ್ನೂ ಆರಿಲ್ಲ. 20 ವರ್ಷಗಳಿಗೂ ಹಿಂದೆ ಎಂ.ಎ.ಯ ಕೊನೆಯ ವರ್ಷದಲ್ಲಿ ನನ್ನ ಮುಂದೆ ಎರಡು ಐಚ್ಛಿಕಗಳಿದ್ದವು: ಗ್ರಂಥಸಂಪಾದನೆ ಮತ್ತು ಆಧುನಿಕ ಕಾದಂಬರಿ. ಮೊದಲನೆಯದನ್ನು ಹೇಳುತ್ತಿದ್ದ ಹಿರಿಯರು ಓಲೆಗರಿಯನ್ನು ಬೆಳಕಿಗೆ ಹಿಡಿದು, ಅಕ್ಷರದ ಮೇಲೆ ಬೆರಳಾಡಿಸಿ ಓದಿಸುತ್ತಿದ್ದರು. ಆ ವರ್ಷವೇ ಅವರ ನಿವೃತ್ತಿ. ನಾನು ಅಂಕಗಳ ಆಸೆಗೆ ಕಾದಂಬರಿಯನ್ನು ಹಿಡಿದೆ. ಅಂಕಗಳೂ ಬಂದವು. ಆ ಕಾದಂಬರಿಗಳನ್ನು ಪಾಠವಿಲ್ಲದಿದ್ದರೂ ನಾನು ಓದಿಯೇ ಓದುತ್ತಿದ್ದೆ. ಕೆಲವು ವರ್ಷಗಳ ಕೆಳಗೆ ನಮ್ಮೂರಿನ ಹಳೆಯ ಮನೆಯೊಂದರಿಂದ ಓಲೆಯ ಕಟ್ಟೊಂದು ನನ್ನ ಕೈಸೇರಿತು. ಪದ ಎಲ್ಲಿ ಮುಗಿಯಿತು, ಎಲ್ಲಿ ಮೊದಲಾಯಿತು ಎಂಬುದು ತಿಳಿಯದೆ ಮೂರನೆಯ ಗರಿಯಲ್ಲಿಯೇ ನಿಂತೆ. ಕೇಳೋಣವೆಂದರೆ ಆ ಹಿರಿಯರಿಲ್ಲ.

ಈ ಕಥೆಯನ್ನು ಆ ಹುಡುಗಿಗೆ ಹೇಳಿದೆ. "ಮುಂದೆ ಒಬ್ಬಳೇ ಕುಳಿತು ಕಲಿಯಬಹುದಾದುದನ್ನು ಮುಂದಕ್ಕೆ ಬಿಡು. ಎದುರಿಗೆ ಗುರುವಿಲ್ಲದೆ ಬಾರದುದನ್ನು ಈಗ ಹಿಡಿ" ಎಂದೆ.

"ಹಾಗಾದರೆ ನಿಮ್ಮ ಪತ್ರಿಕೆ?" ಎಂದಳು.

ಆ ಒಂಬತ್ತು ಹೆಸರುಗಳು ಕಣ್ಣಮುಂದೆ ಸುಳಿದುವು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ದಾಸರ ಪದಗಳಿಗೆ ಅಚ್ಚಾದ ಸಂಪುಟಗಳಿವೆ, ನಿಘಂಟು ಇದೆ, ಲಕ್ಷಣಗ್ರಂಥಗಳಿಗೂ ವ್ಯಾಖ್ಯಾನಗಳಿವೆ. ಪಲ್ಲವಿಗೆ ನಿಘಂಟು ಇಲ್ಲ. ತಾಳ ತಪ್ಪಿದಾಗ ತಡೆದು ನಿಲ್ಲಿಸುವ ಒಂದು ಕೈ ಬೇಕು" ಎಂದೆ. ಅವಳು ಅರ್ಜಿಯಲ್ಲಿ ಪಲ್ಲವಿಯೆಂದು ಬರೆದಳು.

ಹತ್ತನೆಯ ಹೆಸರು ಬರಲಿಲ್ಲ, ಪತ್ರಿಕೆ ನಡೆಯಲಿಲ್ಲ. ಆ ಒಂಬತ್ತು ಮಂದಿ ಬೇರೆ ಪತ್ರಿಕೆಗಳಿಗೆ ಹಂಚಿಹೋದರು. ಒಬ್ಬಳಿಗೆ ನಿಜ ಹೇಳಿ ಒಂಬತ್ತು ಮಂದಿಯ ಪಾಠವನ್ನು ಕಳೆದೆನೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಶನಿವಾರದ ಮಧ್ಯಾಹ್ನ, ವೇಳಾಪಟ್ಟಿಯ ಹೊರಗೆ, ಬಂದವರಿಗೆ ಕೀರ್ತನೆಗಳನ್ನು ಓದಿ ಹೇಳತೊಡಗಿದೆ. ನಾಲ್ವರು ಬಂದರು. ಐದನೆಯವಳಾಗಿ ಅವಳೂ ಬಂದಳು.

ಆ ವರ್ಷದ ಕೊನೆಗೆ ಅಭ್ಯಾಸದ ಕೊಠಡಿಯ ಮುಂದೆ ಹಾದುಹೋಗುತ್ತಿದ್ದಾಗ ಅವಳು ಪಲ್ಲವಿಗೆ ನೆರವಲು ಮಾಡುತ್ತಿದ್ದುದು ಕೇಳಿಸಿತು. ಎರಡು ಸಲ ಎಡುಪು ತಪ್ಪಿತು. ಗುರುಗಳು ಎರಡು ಸಲವೂ ನಿಲ್ಲಿಸಿದರು. ಮೂರನೆಯ ಸಲ ಸರಿಹೋಯಿತು. ಒಂದು ಪದವನ್ನೂ ಅವಳು ನಡುವೆ ಮುರಿಯಲಿಲ್ಲ.

ಪ್ರತಿ ವರ್ಷವೂ ಯಾರಾದರೊಬ್ಬರು ಅರ್ಜಿ ಹಿಡಿದು ಬಂದು ಅದೇ ಪ್ರಶ್ನೆಯನ್ನು ಕೇಳುತ್ತಾರೆ. ಆಗಲೂ ಇದೇ ಮಾತನ್ನು ಹೇಳುವ ಧೈರ್ಯ ಉಳಿದಿರಲಿ ಎಂದು ಹಾರೈಸುತ್ತೇನೆ. ಅವರು ಬರುವ ಮುನ್ನವೇ ನನ್ನ ಪಟ್ಟಿಯಲ್ಲಿ ಹತ್ತು ಹೆಸರು ತುಂಬಿರಲಿ ಎಂದೂ.