ಹಗುರ ಸವಾರರಿಗೆ ಎಷ್ಟು ಆಳದ ಗಾಲಿ?

ಮೈತೂಕ ಕಡಿಮೆ ಇರುವ ಸೈಕಲ್ ಸವಾರರಿಗೆ ಗುಡ್ಡವೇ ಗೆಳೆಯ, ಗಾಳಿಯೇ ವೈರಿ. ನಂದಿಬೆಟ್ಟದ ತಿರುವುಗಳಲ್ಲಿ ತಮಗಿಂತ ಬಲಶಾಲಿಗಳನ್ನು ಹಿಂದಿಕ್ಕುವ 50-55 ಕಿಲೋ ತೂಕದ ಯುವಕ, ಯುವತಿಯರು ಬಯಲಿಗೆ ಇಳಿದೊಡನೆ ಗಾಳಿಯ ಹೊಡೆತಕ್ಕೆ ತತ್ತರಿಸುವುದುಂಟು. ರಸ್ತೆ ಸೈಕಲ್ಲಿಗೆ ಹೊಸ ಗಾಲಿ ಕೊಳ್ಳಲು ಹೊರಟಾಗ ಇಂಥವರಿಗೆ ಎದುರಾಗುವ ಮೊದಲ ಪ್ರಶ್ನೆ, ರಿಮ್‌ನ ಆಳ ಎಷ್ಟಿರಬೇಕು ಎಂಬುದು. ಕಾರ್ಬನ್ ಗಾಲಿಗಳ ಜೋಡಿಯ ಬೆಲೆ ಲಕ್ಷ ರೂಪಾಯಿ ದಾಟುವುದು ಅಪರೂಪವಲ್ಲ. ಬರೀ ನೋಟಕ್ಕೆ ಮರುಳಾಗಿ ಕೊಂಡರೆ ಹಣವೂ ವ್ಯರ್ಥ, ಜೀವಕ್ಕೂ ಅಪಾಯ.

ಆಳ ಎಂದರೇನು?

ಟೈರು ಕೂರುವ ಅಂಚಿನಿಂದ ಕಡ್ಡಿಗಳು ಸೇರುವ ಒಳ ಅಂಚಿನವರೆಗಿನ ಅಳತೆಯೇ ರಿಮ್‌ನ ಆಳ. ಸಾಮಾನ್ಯವಾಗಿ 35 ಮಿ.ಮೀ.ವರೆಗಿನದು ಕಡಿಮೆ ಆಳದ್ದು, 40ರಿಂದ 50 ಮಿ.ಮೀ. ಮಧ್ಯಮ, ಅದಕ್ಕಿಂತ ಹೆಚ್ಚಿನದು ಹೆಚ್ಚು ಆಳದ ರಿಮ್ ಎನಿಸಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ (ಯುಸಿಐ) ಸಾಮೂಹಿಕವಾಗಿ ಆರಂಭವಾಗುವ ರಸ್ತೆ ಸ್ಪರ್ಧೆಗಳಿಗೆ 2026ರ ಜನವರಿಯಿಂದ 65 ಮಿ.ಮೀ. ಮಿತಿಯನ್ನು ನಿಗದಿಪಡಿಸಿದೆ.

ಆಳವಾದ ರಿಮ್ ಗಾಳಿಯನ್ನು ನಯವಾಗಿ ಸೀಳುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು ಹೆಚ್ಚುತ್ತದೆ. ಹೀಗಾಗಿ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 35-40 ಕಿ.ಮೀ. ವೇಗದಲ್ಲಿ ಸಾಗುವವರಿಗೆ ಆಳವಾದ ರಿಮ್‌ನಿಂದ ಕೆಲವು ವ್ಯಾಟ್‌ಗಳಷ್ಟು ಶಕ್ತಿ ಉಳಿಯುತ್ತದೆ.

ಏರುದಾರಿಯ ಲೆಕ್ಕ

ಆಳ ಹೆಚ್ಚಿದಂತೆ ತೂಕವೂ ಹೆಚ್ಚುತ್ತದೆ. ಆದರೆ ಈ ತೂಕದ ಬಗ್ಗೆ ಇರುವ ಭಯ ವಾಸ್ತವಕ್ಕಿಂತ ದೊಡ್ಡದು. 52 ಕಿಲೋ ತೂಕದ ಸವಾರ, 8 ಕಿಲೋ ಸೈಕಲ್. ಒಟ್ಟು 60 ಕಿಲೋ ಎಂದಿಟ್ಟುಕೊಳ್ಳೋಣ. ಗಾಲಿಗಳ ಜೋಡಿ 300 ಗ್ರಾಂ ಹೆಚ್ಚು ತೂಗಿದರೆ ಒಟ್ಟು ತೂಕ ಶೇ 0.5ರಷ್ಟು ಮಾತ್ರ ಏರುತ್ತದೆ. ಅರ್ಧ ಗಂಟೆಯ ಕಡಿದಾದ ಏರಿನಲ್ಲಿ ಇದರಿಂದಾಗುವ ನಷ್ಟ ಸುಮಾರು 9 ಸೆಕೆಂಡ್. 82 ಕಿಲೋ ತೂಕದ ಸವಾರನಿಗಾದರೆ 6 ಸೆಕೆಂಡ್. ಸ್ಪರ್ಧೆಯಲ್ಲಿ ಇದು ಗಣನೀಯ. ಉಳಿದವರು ಈ ಕಾರಣಕ್ಕಾಗಿಯೇ ಆಳವಾದ ಗಾಲಿಯನ್ನು ದೂರವಿಡಬೇಕಿಲ್ಲ.

ಅಡ್ಡಗಾಳಿಯ ಅಪಾಯ

ನಿಜವಾದ ಸಮಸ್ಯೆ ಇರುವುದು ಅಡ್ಡಗಾಳಿಯಲ್ಲಿ. ಆಳ 30ರಿಂದ 60 ಮಿ.ಮೀ.ಗೆ ಏರಿದರೆ ರಿಮ್‌ನ ಪಾರ್ಶ್ವದ ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ದೋಣಿಯ ಹಾಯಿಯಂತೆ ಅದು ಗಾಳಿಯನ್ನು ಹಿಡಿಯುತ್ತದೆ. ಗಾಲಿಯ ಮೇಲೆ ಬೀಳುವ ಗಾಳಿಯ ಬಲ ಸವಾರನ ತೂಕ ನೋಡುವುದಿಲ್ಲ. ಆದರೆ ಆ ಬಲವನ್ನು ತಡೆದು ನಿಲ್ಲಲು ಒಬ್ಬರಲ್ಲಿ ಸೈಕಲ್ ಸೇರಿ 90 ಕಿಲೋ ಇದ್ದರೆ, ಇನ್ನೊಬ್ಬರಲ್ಲಿ ಇರುವುದು 60 ಕಿಲೋ ಮಾತ್ರ.

ಹಿಂದಿನ ಗಾಲಿಗಿಂತ ಮುಂದಿನದು ಹೆಚ್ಚು ಅಪಾಯಕಾರಿ. ಹಿಂಗಾಲಿ ಚೌಕಟ್ಟಿಗೆ ಬಿಗಿದುಕೊಂಡಿರುತ್ತದೆ, ಸವಾರನ ಭಾರದ ಹೆಚ್ಚಿನ ಪಾಲು ಅದರ ಮೇಲಿರುತ್ತದೆ. ಮುಂಗಾಲಿಯಾದರೋ ಹ್ಯಾಂಡಲ್ ಜತೆ ತಿರುಗುವಂಥದ್ದು. ಬಿರುಗಾಳಿ ಬೀಸಿದಾಗ ಹ್ಯಾಂಡಲ್ ತಾನಾಗಿಯೇ ಹೊರಳುತ್ತದೆ. ಒಂದೇ ಸಮನೆ ಬೀಸುವ ಗಾಳಿಗೆ ಸವಾರ ವಾಲಿಕೊಂಡು ಹೊಂದಿಕೊಳ್ಳಬಲ್ಲ. ಲಾರಿ ಹಾದುಹೋದಾಗ, ಸೇತುವೆ ಆರಂಭವಾದಾಗ, ಕಟ್ಟಡಗಳ ಮರೆ ಮುಗಿದಾಗ ದಿಢೀರನೆ ಬಡಿಯುವ ಗಾಳಿಯೇ ಬೀಳಿಸುವುದು.

ಮುಂಗಾರಿನ ದಿನಗಳ ಬೆಂಗಳೂರು-ಚಿತ್ರದುರ್ಗ ಹೆದ್ದಾರಿ ಇದಕ್ಕೆ ಉತ್ತಮ ನಿದರ್ಶನ. ರಸ್ತೆ ಒಟ್ಟಾರೆ ವಾಯವ್ಯ ದಿಕ್ಕಿಗೆ ಸಾಗುತ್ತದೆ. ಆಷಾಢದ ಗಾಳಿ ನೈರುತ್ಯದಿಂದ ಬೀಸುತ್ತದೆ. ಅಂದರೆ ಚಿತ್ರದುರ್ಗದತ್ತ ಹೊರಟವರಿಗೆ ಗಾಳಿ ಎಡಗಡೆಯಿಂದ ಬಡಿದು, ವಾಹನಗಳು ಓಡುವ ಬಲಬದಿಗೆ ತಳ್ಳುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳೇ ಈ ಗಾಳಿಯ ಬಲಕ್ಕೆ ಸಾಕ್ಷಿ.

ಹೆದರಿಕೆಯ ಬೆಲೆ

ಸೈಕಲ್ ಸವಾರಿಯಲ್ಲಿ ಗಾಳಿಯ ತಡೆಯ ಬಹುಪಾಲು ಸವಾರನ ದೇಹದ್ದು, ಗಾಲಿಗಳದು ಸಣ್ಣ ಪಾಲು. ಹ್ಯಾಂಡಲ್‌ನ ಕೆಳಭಾಗ ಹಿಡಿದು ಬಾಗಿ ಕುಳಿತವರು ಗಾಳಿಗೆ ಹೆದರಿ ಮೇಲೆದ್ದು ಕುಳಿತರೆ, ಆಳವಾದ ರಿಮ್ ಉಳಿಸಿದ್ದಕ್ಕಿಂತ ಹೆಚ್ಚಿನ ಶಕ್ತಿ ಆ ಕ್ಷಣದಲ್ಲೇ ನಷ್ಟವಾಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಯುವವರ ಸ್ಥಿತಿಯೂ ಇದೇ. ನಿಶ್ಚಿಂತೆಯಿಂದ ಓಡಿಸಬಲ್ಲ ಆಳವೇ ವೇಗದ ಆಳವೂ ಹೌದು.

ಆಯ್ಕೆ ಹೇಗೆ?

* 60 ಕಿಲೋಗಿಂತ ಕಡಿಮೆ ತೂಕದವರು ಎಲ್ಲ ಬಗೆಯ ರಸ್ತೆಗೂ ಒಂದೇ ಜೋಡಿ ಕೊಳ್ಳುವುದಾದರೆ 35ರಿಂದ 45 ಮಿ.ಮೀ. ಸೂಕ್ತ.

* ಬಯಲು ಸೀಮೆಯ ಗಾಳಿಯಲ್ಲಿ ಹೆಚ್ಚು ಓಡಾಡುವವರು ಮುಂದೆ 30-35, ಹಿಂದೆ 45-50 ಮಿ.ಮೀ. ಗಾಲಿ ಜೋಡಿಸಬಹುದು. ಮುಂಗಾಲಿ ಹಿಂಗಾಲಿಗಿಂತ ಆಳವಾಗಿರಬಾರದು.

* ಘಟ್ಟ ಹತ್ತಿ ಇಳಿಯುವುದೇ ಮುಖ್ಯವಾದರೆ 35 ಮಿ.ಮೀ. ಒಳಗಿನದು ಸಾಕು.

* ರಿಮ್‌ನ ಒಳ ಅಂಚು ಚೂಪಾಗಿರುವ ಹಳೆಯ ವಿನ್ಯಾಸಕ್ಕಿಂತ ದುಂಡಗಿನ, ಅಗಲವಾದ ವಿನ್ಯಾಸ ಅಡ್ಡಗಾಳಿಯಲ್ಲಿ ಸೌಮ್ಯವಾಗಿ ವರ್ತಿಸುತ್ತದೆ.

* 45 ಮಿ.ಮೀ. ರಿಮ್‌ಗೆ ಕನಿಷ್ಠ 60 ಮಿ.ಮೀ. ಉದ್ದದ ವಾಲ್ವ್ ಇರುವ ಟ್ಯೂಬ್ ಬೇಕು. ದಾರಿಬದಿಯ ಸೈಕಲ್ ಅಂಗಡಿಗಳಲ್ಲಿ ಇದು ಸಿಗುವುದು ಕಷ್ಟವಾದ್ದರಿಂದ ಜತೆಯಲ್ಲೇ ಒಯ್ಯಬೇಕು.

ಕೊಳ್ಳುವ ಮುನ್ನ ಪರಿಚಿತರಿಂದ ಗಾಲಿಗಳನ್ನು ಎರವಲು ಪಡೆದು ಓಡಿಸಿ ನೋಡುವುದು ಒಳ್ಳೆಯದು. ಆದರೆ ಹೆಚ್ಚಿನವರು ಸವಾರಿ ಮಾಡುವುದು ಮುಂಜಾನೆ, ಗಾಳಿ ಇನ್ನೂ ಶಾಂತವಾಗಿರುವಾಗ. ಆ ಹೊತ್ತಿನಲ್ಲಿ ಯಾವ ಗಾಲಿಯೂ ಚೆನ್ನಾಗಿಯೇ ಓಡುತ್ತದೆ. ಪರೀಕ್ಷೆಯನ್ನು ಗಾಳಿ ಜೋರಾಗಿರುವ ಮಧ್ಯಾಹ್ನ, ವಾಹನ ಸಂಚಾರ ಇಲ್ಲದ ಬಯಲು ರಸ್ತೆಯಲ್ಲಿ ಮಾಡಿದರೆ ಮಾತ್ರ ಸರಿಯಾದ ಉತ್ತರ ದೊರೆಯುತ್ತದೆ.