ಮುಂಗಾರಿಗೆ ಮುನ್ನ ಹದಿನೈದು ದಿನ

ಮೇ ತಿಂಗಳ ಮೂರನೆಯ ವಾರ ಕಳೆಯಿತೆಂದರೆ, ಮಲೆನಾಡಿನ ಸೆರಗಿನಲ್ಲಿರುವ ಆಯನೂರಿನಲ್ಲಿ ಆಕಾಶದ ಬಣ್ಣವೇ ಬೇರೆಯಾಗುತ್ತದೆ. ಬೆಳಗಿನಿಂದ ಬೆವರಿಳಿಸುವ ಧಗೆ. ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಮೂಲೆಯಲ್ಲಿ ಕಾಡಿಗೆ ಬಳಿದಂತಹ ಮೋಡ. ಸಂಜೆ ಗಾಳಿಯೆದ್ದು, ಅಡಕೆಯ ತೋಟದಲ್ಲಿ ಹಾಳೆಗಳು ದೊಪ್ಪೆಂದು ಬೀಳುವ ಸದ್ದು. ಕೃತ್ತಿಕೆ ಮುಗಿದು ರೋಹಿಣಿ ಕಾಲಿಡುವ ಸಮಯವದು. ಬೇಸಗೆ ಇನ್ನೂ ಹೋಗಿಲ್ಲ, ಮಳೆಗಾಲ ಇನ್ನೂ ಬಂದಿಲ್ಲ. ರಜೆಯ ಕೊನೆಯ ದಿನಗಳಾದುದರಿಂದ ಮನೆಯ ತುಂಬ ನೆಂಟರು, ಹಲಸಿನ ಹಣ್ಣು, ಮಕ್ಕಳ ಗಲಾಟೆ. ಮಳೆಗಾಲಕ್ಕೆ ಮನೆಯನ್ನು ಅಣಿಗೊಳಿಸಬೇಕಾದ ದಿನಗಳೂ ಇವೇ. ಯಾರಿಗೂ ಅದರ ನೆನಪಾಗದ ದಿನಗಳೂ ಇವೇ.

ನನ್ನ ತವರುಮನೆ ಇರುವುದು ಆಯನೂರಿನ ಬಳಿಯ ಒಂದು ಹಳ್ಳಿಯಲ್ಲಿ. ಕೆಲವು ವರ್ಷಗಳ ಹಿಂದೆ ರಜೆಯ ಕೊನೆಯ ವಾರವನ್ನು ಅಲ್ಲಿ ಕಳೆಯಲೆಂದು ಬೆಂಗಳೂರಿನಿಂದ ಹೊರಟೆವು. ನಮ್ಮ ನಾಯಿ ಮೋತಿಯನ್ನು ಬಿಟ್ಟುಬರಲು ಮಕ್ಕಳು ಒಪ್ಪಲಿಲ್ಲ. ಅದೂ ನಮ್ಮೊಡನೆ ಬಂದಿತು. ಮೂರನೆಯ ದಿನ ಸಂಜೆ ಏಳರ ಸುಮಾರಿಗೆ ಗಾಳಿಮಳೆ ಆರಂಭವಾಯಿತು. ಮೊದಲ ಸಿಡಿಲಿಗೆ ದೀಪಗಳು ಆರಿದವು. ಎರಡನೆಯ ಸಿಡಿಲಿಗೆ ಮೋತಿ ಬೆದರಿ, ತೆರೆದಿದ್ದ ಹಿತ್ತಿಲ ಬಾಗಿಲಿನಿಂದ ಕತ್ತಲೆಗೆ ನುಗ್ಗಿತು. ಅದರ ಹೆಸರನ್ನು ಕೂಗುತ್ತ ನನ್ನ ಹತ್ತು ವರ್ಷದ ಮಗ ಹಿಂದೆಯೇ ಓಡಿದ.

ಮನೆಯಲ್ಲಿ ಬ್ಯಾಟರಿ ದೀಪಗಳು ಮೂರಿದ್ದವು. ಒಂದರ ಸೆಲ್ಲುಗಳು ಮಕ್ಕಳ ಆಟಿಕೆಯೊಳಗೆ ಸೇರಿದ್ದವು. ಇನ್ನೊಂದು ತೋಟದ ಪಂಪುಮನೆಯಲ್ಲಿತ್ತು. ಮೂರನೆಯದು ಎಲ್ಲಿದೆಯೆಂದು ಯಾರಿಗೂ ತಿಳಿಯದು. ನಾವು ಬೆಂಕಿಪೊಟ್ಟಣಕ್ಕೆ ತಡಕಾಡುತ್ತಿರುವಾಗ ಅಣ್ಣ ಮಿಂಚಿನ ಬೆಳಕಿನಲ್ಲಿಯೇ ಹೊರಗೆ ಓಡಿದ. ಹುಡುಗ ಹಿತ್ತಿಲ ದೊಡ್ಡ ಮಾವಿನ ಮರದ ಬುಡದಲ್ಲಿ, ಸಿಡಿಲಿನ ಸಮಯದಲ್ಲಿ ಎಲ್ಲಿ ನಿಲ್ಲಬಾರದೋ ಸರಿಯಾಗಿ ಅಲ್ಲಿಯೇ, ನಡುಗುತ್ತ ನಿಂತಿದ್ದ. ಅಣ್ಣ ಅವನನ್ನು ಎತ್ತಿಕೊಂಡು ಬಂದ ಆ ಎರಡು ನಿಮಿಷಗಳನ್ನು ನಾನು ಇಂದಿಗೂ ಮರೆತಿಲ್ಲ. ಮೋತಿ ಮರುದಿನ ಬೆಳಗ್ಗೆ ಕೊಟ್ಟಿಗೆಯ ಗೋದಲಿಯ ಹಿಂದೆ ಸಿಕ್ಕಿತು. ರಸ್ತೆಗೆ ಮರ ಬಿದ್ದಿತ್ತು; ವಿದ್ಯುತ್ತು ಬರಲು ಎರಡು ದಿನ ಹಿಡಿಯಿತು; ಅಮ್ಮನ ಇನ್ಸುಲಿನ್ ಸೀಸೆಗಳು ಬೆಚ್ಚಗಾಗುತ್ತಿದ್ದ ರೆಫ್ರಿಜರೇಟರಿನಲ್ಲಿದ್ದವು.

ಮರುದಿನ ಅಮ್ಮ ಕಾಫಿ ಕೊಡುತ್ತ ಹೇಳಿದರು: “ನೋಡು ಮಗಳೆ, ಮೂರು ದೀಪ ಇದ್ದೂ ಕತ್ತಲೆಯಲ್ಲಿ ಕೂತೆವು. ಯಾವುದು ಎಲ್ಲಿದೆ, ಯಾರು ಏನು ಮಾಡಬೇಕು ಅಂತ ಬೆಳಕಿದ್ದಾಗಲೇ ಮಾತಾಡಿಕೊಳ್ಳಬೇಕಿತ್ತು.” ಅಂದು ಮಧ್ಯಾಹ್ನವೇ ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆವು. ಆ ಹಾಳೆಯಲ್ಲಿದ್ದುದನ್ನೂ, ಅನಂತರ ವೈದ್ಯರಿಂದಲೂ ಪಶುವೈದ್ಯರಿಂದಲೂ ಕೇಳಿ ಸೇರಿಸಿಕೊಂಡುದನ್ನೂ ವಾಚಕರ ಮುಂದಿಡುತ್ತಿದ್ದೇನೆ.

ಪಯಣದಲ್ಲಿ ಮೂಕಪ್ರಾಣಿ

ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಕಡೂರುಗಳನ್ನು ದಾಟಿ ತರೀಕೆರೆ, ಭದ್ರಾವತಿಗಳ ಮೂಲಕ ಶಿವಮೊಗ್ಗೆಗೆ ಸುಮಾರು 300 ಕಿಲೋಮೀಟರು. ಮೇ ತಿಂಗಳಲ್ಲಿ ಇದರ ಬಹುಭಾಗ ಬಿಸಿಲಿನ ಬಯಲು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಗುವುದೇ ಅದು ಮೈಯ ಕಾವನ್ನು ಇಳಿಸಿಕೊಳ್ಳುವ ಮುಖ್ಯ ಮಾರ್ಗ. ಆದುದರಿಂದ ಬೆಳಗಿನ ಜಾವಕ್ಕೇ ಹೊರಡುವುದು ಲೇಸು. ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಹಗುರವಾದ ಆಹಾರ ಕೊಡಬೇಕು. ಎರಡು ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ ನೀರು ಕುಡಿಸಬೇಕು. ಕಿಟಕಿಯಿಂದ ತಲೆ ಹೊರಹಾಕಲು ಬಿಡಬಾರದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರ ಒಂದಿದೆ. “ಐದೇ ನಿಮಿಷ, ಕಾಫಿ ಕುಡಿದು ಬರೋಣ” ಎಂದು ನಾಯಿಯನ್ನು ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದರೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು 40, ಅರ್ಧ ಗಂಟೆಯಲ್ಲಿ ಸುಮಾರು 50 ಡಿಗ್ರಿಯಾಗುತ್ತದೆ. ಕಿಟಕಿಯನ್ನು ಬೆರಳಗಲ ತೆರೆದಿಟ್ಟರೂ ಹೆಚ್ಚು ವ್ಯತ್ಯಾಸವಾಗದು. ನಾಯಿ ಅತಿಯಾಗಿ ತೇಗುತ್ತ, ಜೊಲ್ಲು ಸುರಿಸುತ್ತ, ತೂರಾಡತೊಡಗಿದರೆ ಅದಕ್ಕೆ ಉಷ್ಣಾಘಾತವಾಗಿದೆಯೆಂದು ತಿಳಿಯಬೇಕು. ಕೂಡಲೆ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಪಶುವೈದ್ಯರಲ್ಲಿಗೆ ಒಯ್ಯಬೇಕು.

ರೈಲಿನಲ್ಲಿ ಹೋಗುವವರು ನಿಯಮಗಳನ್ನು ಮೊದಲೇ ತಿಳಿದಿರಬೇಕು. ನಾಯಿಯನ್ನು ನಮ್ಮೊಡನೆ ಕರೆದೊಯ್ಯಬೇಕಾದರೆ ಮೊದಲ ದರ್ಜೆಯ ಕೋಣೆಯನ್ನು ಪೂರ್ತಿಯಾಗಿ ಕಾದಿರಿಸಬೇಕು. ಇಲ್ಲವಾದರೆ ಅದು ಬ್ರೇಕ್‌ವ್ಯಾನಿನ ನಾಯಿಪೆಟ್ಟಿಗೆಯಲ್ಲಿ ಬರಬೇಕಾಗುತ್ತದೆ. ಸ್ಲೀಪರ್ ಮುಂತಾದ ಬೋಗಿಗಳಲ್ಲಿ ಅವಕಾಶವಿಲ್ಲ. ನಾಯಿಯ ಶುಲ್ಕವನ್ನು ಪಾರ್ಸೆಲ್ ಕಚೇರಿಯಲ್ಲಿ ಕಟ್ಟಬೇಕು. ಪಶುವೈದ್ಯರು ಕೊಟ್ಟ ಆರೋಗ್ಯಪತ್ರವೂ ಲಸಿಕೆಯ ದಾಖಲೆಯೂ ಕೈಯಲ್ಲಿರಲಿ. ಹುಚ್ಚುನಾಯಿ ರೋಗದ ಲಸಿಕೆಯನ್ನು ಪ್ರತಿವರ್ಷ ತಪ್ಪದೆ ಹಾಕಿಸತಕ್ಕದ್ದು. ಕೊರಳಪಟ್ಟಿಯ ಮೇಲೆ ದೂರವಾಣಿಯ ಸಂಖ್ಯೆ ಬರೆದಿರಬೇಕು. ಅಂದು ಮೋತಿಯ ಕೊರಳಲ್ಲಿ ಅದಿರಲಿಲ್ಲ. ಬೆಕ್ಕಾದರೆ ಮುಚ್ಚಳವಿರುವ ಗಾಳಿಯಾಡುವ ಬುಟ್ಟಿ ಬೇಕೇ ಬೇಕು.

ಕಾಡಿನ ಅಂಚಿನ ಉಣುಗು

ಆಯನೂರಿನ ಸುತ್ತ ಕಾಡಿದೆ. ಪಟ್ಟಣದ ನಾಯಿಗೆ ಕಾಡೆಂದರೆ ಸ್ವರ್ಗ. ಆದರೆ ಈ ಜಿಲ್ಲೆಯವರು ಮರೆಯಲಾಗದ ಸಂಗತಿಯೊಂದಿದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದುದು 1957ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ಬೇಸಗೆ ಮುಗಿದು ಮಳೆ ಹಿಡಿಯುವವರೆಗೂ ಅದರ ಭಯ ಉಂಟು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಲವರ ಪ್ರಾಣ ತೆಗೆದುದು ಈ ಸೀಮೆಯವರಿಗೆ ಇನ್ನೂ ಹಸಿಯಾದ ನೆನಪು.

ಕಾಡಿಗೆ ಹೋಗಿಬಂದ ನಾಯಿ ಉಣುಗುಗಳನ್ನು ಮನೆಗೆ ಹೊತ್ತು ತರಬಲ್ಲುದು. ಆದುದರಿಂದ ಅದನ್ನು ಅಲೆಯಲು ಬಿಡದೆ ಹಗ್ಗದಲ್ಲಿಯೇ ತಿರುಗಾಡಿಸಬೇಕು. ಸಂಜೆ ಕಿವಿ, ಕಂಕುಳು, ಬೆರಳುಗಳ ಸಂದಿಗಳನ್ನು ಹುಡುಕಬೇಕು. ಉಣುಗನ್ನು ಕೈಯಿಂದ ಹಿಸುಕದೆ, ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಪ್ರಯಾಣಕ್ಕೆ ಮೊದಲೇ ಪಶುವೈದ್ಯರಿಂದ ಉಣುಗುನಿವಾರಕ ಔಷಧ ಹಾಕಿಸಿಕೊಳ್ಳುವುದು ಉತ್ತಮ. ಆದರೆ ನಾಯಿಗೆಂದು ತಂದ ಔಷಧವನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಅದೇ ವಿಷ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಡಿನಿಂದ ಬಂದ ಕೆಲವು ದಿನಗಳಲ್ಲಿ ಜ್ವರ, ತಲೆನೋವು, ಮೈಕೈನೋವು ಕಂಡರೆ, ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಸಿಡಿಲು ಗುಡುಗುವಾಗ

ಮುಂಗಾರಿಗೆ ಮುನ್ನಿನ ಮಳೆ ಸಿಡಿಲಿನ ಮಳೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಎಲ್ಲರೂ ಮನೆಯೊಳಗಿರಬೇಕು; ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಹೋಗಬಾರದು. ಮರದ ಕೆಳಗೆ ನಿಲ್ಲುವುದಂತೂ ಸಲ್ಲ. ದೂರದರ್ಶನ, ಪಂಪುಗಳ ತಂತಿಗಳನ್ನು ಮೋಡ ಕವಿದಾಗಲೇ ಬಿಡಿಸಿಡಬೇಕು. ಸಿಡಿಲು ಆರಂಭವಾದ ಮೇಲೆ ಅವುಗಳನ್ನು ಮುಟ್ಟಬಾರದು, ಸ್ನಾನಕ್ಕೂ ಇಳಿಯಬಾರದು.

ನಾಯಿಗೂ ಇದೇ ನಿಯಮ. ಮೋಡ ಕವಿದೊಡನೆ ಅದನ್ನು ಒಳಗಿನ ಕೋಣೆಗೆ ತಂದು ಬಾಗಿಲು ಹಾಕಬೇಕು. ಅದರ ಹಳೆಯ ಹಾಸುಬಟ್ಟೆಯನ್ನು ಊರಿಂದಲೇ ತಂದಿದ್ದರೆ ಆ ವಾಸನೆಯೇ ಅದಕ್ಕೆ ಧೈರ್ಯ. ಬೆದರಿದ ಪ್ರಾಣಿಯನ್ನು ಗದರಬಾರದು, ಅಂಗಳದಲ್ಲಿ ಸರಪಳಿಯಿಂದ ಕಟ್ಟಬಾರದು. ಮಕ್ಕಳಿಗೆ ಒಂದು ಮಾತನ್ನು ಹತ್ತು ಸಲ ಹೇಳಿರಬೇಕು: ನಾಯಿ ಓಡಿದರೂ ನೀನು ಓಡಬೇಡ, ಮಳೆ ನಿಂತ ಮೇಲೆ ದೊಡ್ಡವರು ಹುಡುಕುತ್ತಾರೆ.

ಆಪತ್ತಿನ ಪೆಟ್ಟಿಗೆ

ಒಂದು ಪೆಟ್ಟಿಗೆ, ಒಂದೇ ಜಾಗ, ಎಲ್ಲರಿಗೂ ತಿಳಿದ ಜಾಗ. ಅದರಲ್ಲಿ ಬ್ಯಾಟರಿ ದೀಪ, ಬೇರೆ ಸೆಲ್ಲುಗಳು, ಮೇಣದ ಬತ್ತಿ, ಬೆಂಕಿಪೊಟ್ಟಣ, ದೂರವಾಣಿಗೆ ವಿದ್ಯುತ್ತು ತುಂಬುವ ಸಾಧನ, ಗಾಯಕ್ಕೆ ಬೇಕಾದ ಪಟ್ಟಿ, ಹತ್ತಿ, ಸಾಬೂನು, ಭೇದಿಗೆ ಓ.ಆರ್.ಎಸ್. ಪುಡಿ, ಹಿರಿಯರು ನಿತ್ಯ ಸೇವಿಸುವ ಔಷಧಗಳ ಒಂದು ವಾರದ ಸಂಗ್ರಹ, ಒಂದಷ್ಟು ಚಿಲ್ಲರೆ ಹಣ. ಅದರ ಸೆಲ್ಲುಗಳನ್ನು ಆಟಿಕೆಗೆ ತೆಗೆಯುವಂತಿಲ್ಲ. ಇದು ನಮ್ಮ ಮನೆಯ ಕಾನೂನು. ಪಡಿತರಚೀಟಿ, ಆಧಾರ್, ಜಮೀನಿನ ಪತ್ರಗಳು ನೀರು ಹೋಗದ ಚೀಲದಲ್ಲಿ ಮೇಲಿನ ಕಪಾಟಿನಲ್ಲಿರಲಿ.

ಕುಡಿಯಲು, ಅಡುಗೆಗೆ ತಲೆಗೆ ದಿನವೊಂದಕ್ಕೆ ನಾಲ್ಕು ಲೀಟರಿನಂತೆ ಮೂರು ದಿನದ ನೀರು ಸಂಗ್ರಹದಲ್ಲಿರಬೇಕು. ನಾಯಿಯ ಪಾಲನ್ನೂ ಲೆಕ್ಕಕ್ಕೆ ಹಿಡಿಯಿರಿ. ವಿದ್ಯುತ್ತು ಹೋದಾಗ ಇನ್ಸುಲಿನ್ ಸೀಸೆಯನ್ನು ಒಣ ಡಬ್ಬಿಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ, ನೆರಳಿನಲ್ಲಿ ಇರಿಸಬಹುದು. ಬಳಕೆಯಲ್ಲಿರುವ ಸೀಸೆ ಎಷ್ಟು ದಿನ ಹೊರಗಿರಬಹುದೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.

ಬಾವಿಯ ನೀರು ಮೊದಲ ಮಳೆಗೆ ಕದಡುತ್ತದೆ. ಒಳ್ಳೆಯ ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು. ಎರಡು ಮೀಟರು ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರು ನೀರಿದ್ದರೆ ಅದು ಸುಮಾರು ಹನ್ನೆರಡೂವರೆ ಸಾವಿರ ಲೀಟರು. ಪುಡಿ ಸುಮಾರು 31 ಗ್ರಾಂ ಬೇಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ರಾತ್ರಿ ಬಾವಿಗೆ ಬಿಟ್ಟು, ಬೆಳಗ್ಗೆ ನೀರು ಸೇದಬೇಕು. ಕುಡಿಯುವ ನೀರನ್ನು ಕುದಿಸಿಯೇ ಕುಡಿಯುವುದು ಕ್ಷೇಮ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ರೋಗಿಯನ್ನು ನಡೆಸದೆ ಆಸ್ಪತ್ರೆಗೆ ಒಯ್ಯಬೇಕು. ನಾಯಿ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಲಸಿಕೆಗೆ ಹೋಗಬೇಕು.

ಹೊಳೆಯ ದಡದವರಿಗೆ

ಶಿವಮೊಗ್ಗೆಯ ಜನ ತುಂಗೆ ತುಂಬಿತೋ ಇಲ್ಲವೋ ಎಂದು ತಿಳಿಯಲು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪವನ್ನು ನೋಡುತ್ತಾರೆ. ಮಂಟಪ ಮುಳುಗಿದರೆ ಹೊಳೆ ತುಂಬಿದ ಲೆಕ್ಕ. ನೋಡಲು ಹಬ್ಬವೇನೋ ಸರಿ. ಆದರೆ 2019ರ ಆಗಸ್ಟಿನಲ್ಲಿ ಅದೇ ತುಂಗೆ ನಗರದ ತಗ್ಗು ಬಡಾವಣೆಗಳ ಮನೆಗಳಿಗೆ ನುಗ್ಗಿತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಭದ್ರಾವತಿಯ ದಡದವರಿಗೂ ಇದೇ ಆತಂಕ. ಅಂತಹ ಮನೆಗಳವರು ಯಾರ ಮನೆಗೆ ಹೋಗುವುದೆಂದು ಈಗಲೇ ನಿಶ್ಚಯಿಸಿರಬೇಕು; ಆ ಮನೆಯವರು ನಾಯಿಯನ್ನು ಸೇರಿಸಿಕೊಳ್ಳುವರೋ ಎಂಬುದನ್ನೂ ಕೇಳಿರಬೇಕು. ಕಟ್ಟಿಹಾಕಿದ ಪ್ರಾಣಿಯನ್ನು ಬಿಟ್ಟು ಹೊರಡುವುದು ಅದನ್ನು ಹೊಳೆಗೆ ಒಪ್ಪಿಸಿದಂತೆಯೇ.

ಗೋಡೆಯ ಹಾಳೆ

ನಮ್ಮ ಹಾಳೆಯ ತುದಿಯಲ್ಲಿ ಈ ಸಂಖ್ಯೆಗಳಿವೆ: ಯಾವುದೇ ಆಪತ್ತಿಗೆ 112, ಆಂಬುಲೆನ್ಸಿಗೆ 108, ಅಗ್ನಿಶಾಮಕಕ್ಕೆ 101, ಅನಿಲ ಸೋರಿದರೆ 1906, ವಿದ್ಯುತ್ತಿನ ದೂರಿಗೆ 1912, ಪಶುಚಿಕಿತ್ಸೆಗೆ 1962. ಅದರ ಕೆಳಗೆ ಕೆಲಸಗಳ ಹಂಚಿಕೆ: ಅಣ್ಣನಿಗೆ ವಿದ್ಯುತ್ತಿನ ಮುಖ್ಯ ಗುಂಡಿ, ಅತ್ತಿಗೆಗೆ ಅನಿಲದ ಕೀಲಿ ಮತ್ತು ಪೆಟ್ಟಿಗೆ, ನನಗೆ ಅಮ್ಮನ ಔಷಧ, ನನ್ನ ಮಗನಿಗೆ ಹಿತ್ತಿಲ ಬಾಗಿಲು. ಮೋಡ ಕಂಡೊಡನೆ ಮೋತಿಯನ್ನು ಒಳಗೆ ಕರೆದು ಅಗಳಿ ಹಾಕುವುದು ಅವನ ಹೊಣೆ.

ಮರುವರ್ಷ ಅದೇ ಮೇ ತಿಂಗಳಲ್ಲಿ ಮತ್ತೆ ಸಿಡಿಲುಮಳೆ ಬಂದಿತು. ದೀಪ ಆರುವ ಮೊದಲೇ ಹಿತ್ತಿಲ ಬಾಗಿಲ ಅಗಳಿ ಬಿದ್ದ ಸದ್ದು ಕೇಳಿಸಿತು. ಒಳಗಿನ ಕೋಣೆಯಲ್ಲಿ ಬ್ಯಾಟರಿ ದೀಪದ ಬೆಳಕಿನಲ್ಲಿ ಹುಡುಗ ತನ್ನ ಹಾಸುಬಟ್ಟೆಯ ಅರ್ಧವನ್ನು ಮೋತಿಗೆ ಬಿಟ್ಟುಕೊಟ್ಟು ಕುಳಿತು, ಮಿಂಚಿಗೂ ಗುಡುಗಿಗೂ ನಡುವಣ ಸೆಕೆಂಡುಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದ. ನಿಮ್ಮ ಮನೆಯ ಹಾಳೆಯನ್ನು ಬರೆಯಲು ಈ ಭಾನುವಾರದ ಮಧ್ಯಾಹ್ನ ಸಾಕು.