ದಿನ್ನೆಗೆ ಗೇರು, ಬೇಲಿಗೆ ಕವಳಿ

ಮನೆಯ ಹಿತ್ತಲಲ್ಲಿ ಬೀಜದ ಮರ, ಹಣ್ಣಿನ ಪೊದೆಗಳಿಗೆ ಜಾಗ ಗೊತ್ತುಮಾಡುವಾಗ ಮೊದಲು ನೋಡಬೇಕಾದದ್ದು ಮಣ್ಣು. ಹುಮನಾಬಾದ್ ಬಳಿಯ ಮಾಣಿಕನಗರ, ಬಸವಕಲ್ಯಾಣದ ಸುತ್ತಮುತ್ತ ಜಂಬಿಟ್ಟಿಗೆಯ ಕೆಮ್ಮಣ್ಣೂ ಇದೆ, ಕಪ್ಪು ಎರೆಮಣ್ಣೂ ಇದೆ. ಕೆಮ್ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಂಡು, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ.

ಜಾಗದ ಗುಣ ತಿಳಿಯಲು ಎರಡು ಅಡಿ ಆಳದ ಗುಂಡಿ ತೋಡಿ ನೀರು ತುಂಬಬೇಕು. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಬೇಕು. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಗೇರು ನೆಡಬಾರದು. ಅದರ ಬೇರು ನಿಂತ ನೀರನ್ನು ತಾಳದು. ಬಸಿಯುವ ಕೆಮ್ಮಣ್ಣಿನ ದಿನ್ನೆ ಗೇರಿಗೂ ಒಣಕಾಡಿನ ಮರವಾದ ಚಾರೋಳಿಗೂ ಹೊಂದುತ್ತದೆ. ಚಾರೋಳಿ ನಿಧಾನವಾಗಿ ಬೆಳೆಯುವುದರಿಂದ ಫಲಕ್ಕೆ ಹಲವು ವರ್ಷ ಕಾಯಬೇಕು. ತೆಂಗಿಗೆ ವರ್ಷವಿಡೀ ನೀರು ಬೇಕು. ಬಾವಿ ಅಥವಾ ನಲ್ಲಿಯ ಸಮೀಪ ಜಾಗವಿದ್ದರಷ್ಟೇ ಅದು ಸರಿ. ಅಂಗಡಿಯ ಬಾದಾಮಿ ಮತ್ತು ಅಕ್ರೋಟಿನ ಮರಗಳು ಚೆನ್ನಾಗಿ ಫಲ ಕೊಡಲು ದೀರ್ಘ ಚಳಿಗಾಲ ಬೇಕು. ಇಲ್ಲಿನ ಚಳಿ ಅದಕ್ಕೆ ಸಾಲದು.

ಎರಡನೆಯದು ಬಿಸಿಲು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಡಿಸೆಂಬರಿನ ನಡುಹಗಲಲ್ಲಿ ಈ ಭಾಗದಲ್ಲಿ 20 ಅಡಿ ಎತ್ತರದ ಮರದ ನೆರಳು ಉತ್ತರಕ್ಕೆ ಸುಮಾರು 17 ಅಡಿ ಚಾಚುತ್ತದೆ. ಆದ್ದರಿಂದ ದೊಡ್ಡ ಮರ ಹಿತ್ತಲಿನ ಉತ್ತರ ಅಥವಾ ಪಶ್ಚಿಮದ ಅಂಚಿನಲ್ಲಿರಬೇಕು, ಪೊದೆಗಳು ದಕ್ಷಿಣ ಹಾಗೂ ಪೂರ್ವಕ್ಕೆ ಬರಬೇಕು. ಪಶ್ಚಿಮದ ಮರ ಏಪ್ರಿಲ್‌–ಮೇ ತಿಂಗಳ ಸಂಜೆ ಬಿಸಿಲನ್ನು ಗೋಡೆಗೆ ಬೀಳದಂತೆ ತಡೆಯುತ್ತದೆ.

ಮೂರನೆಯದು ಅಂತರ. ಗೇರು ಮರದಿಂದ ಮರಕ್ಕೆ 25 ಅಡಿ ಬೇಡುತ್ತದೆ. ಗೋಡೆ, ಶೌಚದ ಗುಂಡಿ, ನೀರಿನ ಪೈಪುಗಳಿಂದ ಅದನ್ನು ಸಾಕಷ್ಟು ದೂರ ಇಡಬೇಕು. ತೆಂಗಿನ ಗರಿ, ಕಾಯಿ ಬೀಳುವ ಕಡೆ ಮಾಡು, ದಾರಿ, ವಿದ್ಯುತ್ ತಂತಿ ಇರಬಾರದು. 30×40 ಅಡಿಯ ನಿವೇಶನದಲ್ಲಿ ಮನೆ ಹೋಗಿ ಉಳಿಯುವ ಜಾಗದಲ್ಲಿ ದೊಡ್ಡ ಮರ ಒಂದಿದ್ದರೆ ಅದೇ ಹೆಚ್ಚು. ಎಷ್ಟೋ ಕಡೆ ಪೊದೆಗಳಷ್ಟೇ ಹಿಡಿಸುತ್ತವೆ.

ಪೊದೆಗಳಲ್ಲಿ ಕವಳಿಗೆ ಮುಳ್ಳಿದೆ. ಮೂರು ಅಡಿಗೊಂದರಂತೆ ಗಡಿಯುದ್ದಕ್ಕೂ ನೆಟ್ಟರೆ ಉಪ್ಪಿನಕಾಯಿಗೆ ಕಾಯಿ ಸಿಗುತ್ತದೆ, ದನಕರು ಒಳಬಾರದಂತೆ ಬೇಲಿಯೂ ಆಗುತ್ತದೆ. ಬಾರೆ ಗಿಡಕ್ಕೂ ಮುಳ್ಳುಂಟು; ಮಕ್ಕಳು ಓಡಾಡುವ ದಾರಿಯಿಂದ ಇವೆರಡನ್ನೂ ದೂರವಿಡಬೇಕು. ಫಾಲ್ಸಾಗೆ ಆರೆಂಟು ಅಡಿ ಸಾಕು. ಚಳಿಗಾಲದಲ್ಲಿ ಸವರಿದರೆ ಹೊಸ ಚಿಗುರಿನಲ್ಲಿ ಬೇಸಿಗೆಗೆ ಹಣ್ಣು ಬರುತ್ತದೆ. ಹಿಪ್ಪುನೇರಳೆಯನ್ನೂ ಸವರಿ ಗಿಡ್ಡವಾಗಿಡಬಹುದು. ಅದರ ಹಣ್ಣು ಬಿದ್ದಲ್ಲೆಲ್ಲ ಕಲೆ ಮಾಡುವುದರಿಂದ ಬಟ್ಟೆ ಒಣಗಿಸುವ ಅಂಗಳಕ್ಕೆ ಅದು ತಕ್ಕದ್ದಲ್ಲ.

ನೆಡುವ ಮೊದಲು ಕಾಗದದ ಮೇಲೆ ನಕ್ಷೆ ಹಾಕಿ, ದೊಡ್ಡ ಮರದ ಜಾಗವನ್ನು ಮೊದಲು ಗುರುತಿಸಬೇಕು. ಪೊದೆಯನ್ನು ಮುಂದೆ ಕಿತ್ತು ಬೇರೆಡೆ ಹಾಕಬಹುದು, ಬೆಳೆದ ಮರವನ್ನು ಆಗದು. ಮೇ ತಿಂಗಳಲ್ಲಿ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣು ಮತ್ತು ಕೊಳೆತ ಸಗಣಿ ಗೊಬ್ಬರ ತುಂಬಬೇಕು. ಜೂನ್‌ನಲ್ಲಿ ಮಳೆ ಹಿಡಿದು ಮಣ್ಣು ತೊಯ್ದ ಮೇಲೆ ಸಸಿ ನೆಟ್ಟರೆ, ಬೇಸಿಗೆ ಬರುವಷ್ಟರಲ್ಲಿ ಬೇರು ಆಳಕ್ಕೆ ಇಳಿದಿರುತ್ತದೆ.